ತೇಪೆ ಬಲ್ಲ ಚರ್ಮ, ರಫೂ ಮರೆತ ಚರ್ಮ

ಪರೀಕ್ಷೆಯ ಅರ್ಜಿಯಿಂದ ಹಿಡಿದು ನೌಕರಿಯ ಅರ್ಜಿಯವರೆಗೆ ಎಷ್ಟೋ ಕಾಗದಗಳಲ್ಲಿ 'ದೇಹದ ಮೇಲಿನ ಗುರುತು' ಎಂಬ ಒಂದು ಸಾಲು ಇರುತ್ತದೆ. ಮಚ್ಚೆ ಇದ್ದವರು ಮಚ್ಚೆ ಬರೆಯುತ್ತಾರೆ. ಇಲ್ಲದವರು ಮೈಯೆಲ್ಲ ಹುಡುಕಿ, 'ಎಡ ಮೊಣಕಾಲಿನ ಮೇಲೆ ಹಳೆಯ ಗಾಯದ ಕಲೆ' ಎಂದು ಬರೆದು ಪಾರಾಗುತ್ತಾರೆ. ಕಮ್ಮನಹಳ್ಳಿಯಂಥ ಬಡಾವಣೆಯಲ್ಲಿ ಬೆಳೆದ ಮಕ್ಕಳಿಗೆ ಇಂಥ ಗುರುತಿಗೆ ಬರವಿಲ್ಲ. ನೀರಿನ ಕೊಳವೆಗೆಂದು ಅಗೆದ ರಸ್ತೆ, ಕೇಬಲ್ಲಿಗೆಂದು ಅಗೆದ ರಸ್ತೆ, ಅಗೆದದ್ದನ್ನು ಮುಚ್ಚಲು ತಂದು ಸುರಿದ ಜಲ್ಲಿ. ಕುಳ್ಳಪ್ಪ ಸರ್ಕಲ್ಲಿನ ಬಳಿ ಸೈಕಲ್ ತಿರುಗಿಸುವಾಗ ಒಮ್ಮೆಯೂ ಬೀಳದೆ ದೊಡ್ಡವರಾದ ಹುಡುಗರು ಎಷ್ಟು ಮಂದಿ ಇದ್ದಾರು?

ಕಲೆಯನ್ನು ಗುರುತೆಂದು ಬರೆಸಿಕೊಳ್ಳುವ ಗುಮಾಸ್ತರಿಗೆ ಒಂದು ನಂಬಿಕೆ ಇದೆ: ಅದು ಅಳಿಯುವುದಿಲ್ಲ. ಆದರೆ ವಿಜ್ಞಾನದ ಪಾಠ ಬೇರೇನನ್ನೋ ಹೇಳುತ್ತದಲ್ಲ? ಚರ್ಮದ ಮೇಲ್ಪದರ ನಿತ್ಯವೂ ಸವೆದು ಉದುರುತ್ತದೆ, ಕೆಳಗಿನಿಂದ ಹೊಸ ಕೋಶಗಳು ಮೇಲೆ ಬರುತ್ತವೆ, ಒಂದು ಒಂದೂವರೆ ತಿಂಗಳಿನಲ್ಲಿ ಪದರ ಪೂರಾ ಬದಲಾಗುತ್ತದೆ ಎಂದು ಓದಿದ್ದೇವೆ. ಎಂಟನೇ ವಯಸ್ಸಿನಲ್ಲಿ ಬಿದ್ದ ಹುಡುಗ ಹದಿನಾರನೇ ವಯಸ್ಸಿನಲ್ಲಿ ಅರ್ಜಿ ತುಂಬುವ ಹೊತ್ತಿಗೆ ಅವನ ಮಂಡಿಯ ಮೇಲ್ಪದರ ಎಪ್ಪತ್ತು ಎಂಬತ್ತು ಸಲವಾದರೂ ಹೊಸದಾಗಿರುತ್ತದೆ. ಬಿದ್ದ ದಿನ ಅಲ್ಲಿದ್ದ ಒಂದು ಕೋಶವೂ ಆ ಪದರದಲ್ಲಿ ಉಳಿದಿಲ್ಲ. ಕಲೆ ಮಾತ್ರ ಕೂತಲ್ಲೇ ಕೂತಿದೆ. ಇದು ಹೇಗೆ?

ಉತ್ತರ ಕೆಳಮಹಡಿಯಲ್ಲಿದೆ. ಚರ್ಮ ಎರಡು ಅಂತಸ್ತಿನ ಮನೆ. ಮೇಲಿನದು ಹೊರಚರ್ಮ, ಬರೀ ಕೋಶಗಳ ಒಟ್ಟಿಲು. ಅದಷ್ಟೇ ತರಚಿದರೆ ಕಲೆ ಉಳಿಯುವುದಿಲ್ಲ. ನಾಲ್ಕು ದಿನ ಉರಿದು ಮರೆತುಹೋಗುತ್ತದೆ. ಕೆಳಗಿನದು ಒಳಚರ್ಮ. ಅಲ್ಲಿ ಕೋಶಗಳು ಕಡಿಮೆ, ಬಟ್ಟೆ ಹೆಚ್ಚು. ಬಟ್ಟೆ ಎಂದರೆ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಹೆಣಿಗೆ. ಬಿದಿರಿನ ಬುಟ್ಟಿಯಂತೆ ಎಳೆಗಳು ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಹಾಯ್ದಿರುವುದರಿಂದಲೇ ಚರ್ಮವನ್ನು ಯಾವ ಕಡೆಗೆ ಎಳೆದರೂ ಹಿಗ್ಗುತ್ತದೆ, ಬಿಟ್ಟರೆ ಸ್ವಸ್ಥಾನಕ್ಕೆ ಮರಳುತ್ತದೆ. ಈ ಬಟ್ಟೆ ತಿಂಗಳಿಗೊಮ್ಮೆ ಬದಲಾಗುವಂಥದ್ದಲ್ಲ. ಚರ್ಮದ ಕೊಲಾಜೆನ್ನಿನ ಅರ್ಧದಷ್ಟು ಬದಲಾಗಲು ಸುಮಾರು ೧೫ ವರ್ಷ ಬೇಕೆಂದು ಲೆಕ್ಕ ಹಾಕಿದ್ದಾರೆ. ಕಲೆ ಇರುವುದು ಈ ಬಟ್ಟೆಯಲ್ಲಿ. ಮೇಲ್ಪದರ ಎಷ್ಟು ಸಲ ಹೊಸದಾದರೂ ಕೂರುವುದು ಅದೇ ಹಳೆಯ ತೇಪೆಯ ಮೇಲೆ.

ತೇಪೆ ಬೀಳುವ ಬಗೆಯನ್ನು ನೋಡೋಣ. ಮಂಡಿ ಒಡೆದ ಕೆಲವೇ ನಿಮಿಷಗಳಲ್ಲಿ ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಬಿರುಕಿಗೆ ಬಿರಟೆ ಹಾಕುತ್ತವೆ. ಫೈಬ್ರಿನ್ ಎಂಬ ಎಳೆ ಬಲೆಯಾಗಿ ಹರಡಿ ರಕ್ತ ಹೆಪ್ಪುಗಟ್ಟುತ್ತದೆ. ಗಂಟೆಗಳೊಳಗೆ ಬಿಳಿ ರಕ್ತಕಣಗಳ ಮೊದಲ ದಂಡು ಬಂದು ಬ್ಯಾಕ್ಟೀರಿಯಾಗಳ ಜತೆ ಕಾದಾಡುತ್ತದೆ. ಗಾಯದ ಸುತ್ತ ಕೆಂಪಾಗಿ ಬಿಸಿಯಾಗಿ ಊದಿಕೊಳ್ಳುವುದು ಆಗಲೇ. ಎರಡು ಮೂರು ದಿನಕ್ಕೆ ಮ್ಯಾಕ್ರೋಫೇಜ್ ಎಂಬ ದೊಡ್ಡ ಕಣಗಳು ಬರುತ್ತವೆ. ಇವು ಕಸವನ್ನು ನುಂಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಮುಂದಿನ ಕೆಲಸಗಾರರಿಗೆ ರಾಸಾಯನಿಕ ಓಲೆ ಕಳಿಸುತ್ತವೆ. ಓಲೆ ತಲುಪಿದ್ದೇ ತಡ, ಫೈಬ್ರೊಬ್ಲಾಸ್ಟ್ ಎಂಬ ನೇಕಾರ ಕೋಶಗಳು ಗಾಯದೊಳಕ್ಕೆ ಇಳಿದು ಕೊಲಾಜೆನ್ ನೇಯತೊಡಗುತ್ತವೆ. ಅವುಗಳಲ್ಲಿ ಕೆಲವು ಅರ್ಧ ಸ್ನಾಯುವಿನಂತೆ ಮಾರ್ಪಟ್ಟು ಗಾಯದ ಅಂಚುಗಳನ್ನು ಹಿಡಿದು ಒಳಕ್ಕೆ ಜಗ್ಗುತ್ತವೆ. ಜಿನೀವಾದ ಗಬ್ಬಿಯಾನಿ ಎಂಬ ವೈದ್ಯವಿಜ್ಞಾನಿ ಮತ್ತು ಅವರ ಸಂಗಡಿಗರು ೧೯೭೧ರಲ್ಲಿ ಇವನ್ನು ಗುರುತಿಸಿದರು. ದೊಡ್ಡ ಗಾಯ ವಾಸಿಯಾಗುತ್ತ ಸುತ್ತಲ ಚರ್ಮ ನೆರಿಗೆಗಟ್ಟುವುದು ಈ ಜಗ್ಗಾಟದಿಂದ.

ನೇಯ್ಗೆ ಆತುರದ್ದು. ಬುಟ್ಟಿಯ ಹೆಣಿಗೆಗೆ ಪುರುಸೊತ್ತಿಲ್ಲ; ಎಳೆಗಳನ್ನು ಒಂದೇ ದಿಕ್ಕಿಗೆ ಕಟ್ಟುಕಟ್ಟಾಗಿ ಹಾಸಿಬಿಡುತ್ತವೆ. ಕೂದಲಿನ ಬುಡ, ಬೆವರಿನ ಗ್ರಂಥಿ ಮತ್ತೆ ಹುಟ್ಟುವುದಿಲ್ಲ. ನಿಮ್ಮ ಮಂಡಿಯ ಹಳೆಯ ಕಲೆಯನ್ನು ಬೆಳಕಿಗೆ ಹಿಡಿದು ನೋಡಿ: ನುಣುಪು, ಹೊಳಪು, ಒಂದು ರೋಮವಿಲ್ಲ. ಮೂರು ವಾರದ ಹೊತ್ತಿಗೆ ಈ ತೇಪೆಗೆ ಮೂಲ ಚರ್ಮದ ಕಾಲು ಭಾಗದಷ್ಟೂ ಬಲವಿರುವುದು ಕಷ್ಟ. ತಿಂಗಳುಗಟ್ಟಲೆ ದುರಸ್ತಿಯಾಗುತ್ತ ಹೋಗಿ ಶೇಕಡ ೮೦ರ ಆಸುಪಾಸಿಗೆ ನಿಲ್ಲುತ್ತದೆ. ನೂರನ್ನು ಎಂದೂ ಮುಟ್ಟುವುದಿಲ್ಲ.

ಹಾಗೆಂದು ತೇಪೆ ಹೊಲಿದಿಟ್ಟು ಮರೆಯುವಂಥದ್ದೂ ಅಲ್ಲ. ೧೭೪೦ರಿಂದ ೧೭೪೪ರವರೆಗೆ ಆನ್ಸನ್ ಎಂಬ ಇಂಗ್ಲಿಷ್ ನೌಕಾಪತಿ ಭೂಮಿಯ ಸುತ್ತ ಹಡಗು ನಡೆಸಿದ. ತಾಜಾ ಹಣ್ಣು ತರಕಾರಿ ಕಾಣದೆ ಅವನ ನಾವಿಕರು ಸ್ಕರ್ವಿ ರೋಗದಿಂದ ನೂರುಗಟ್ಟಲೆ ಸತ್ತರು. ಅವರಲ್ಲೊಬ್ಬ ಮುದುಕ ೧೬೯೦ರ ಬಾಯ್ನ್ ಕದನದಲ್ಲಿ ಗಾಯಗೊಂಡಿದ್ದವ. ಐವತ್ತು ವರ್ಷ ಹಿಂದೆ ವಾಸಿಯಾಗಿದ್ದ ಆ ಗಾಯ ಹಡಗಿನಲ್ಲಿ ಮತ್ತೆ ಬಾಯಿ ಬಿಟ್ಟಿತು! ಕೊಲಾಜೆನ್ನಿನ ಎಳೆ ಗಟ್ಟಿಯಾಗಿ ಹುರಿಗೊಳ್ಳಲು ಸಿ ಜೀವಸತ್ವ ಬೇಕೇ ಬೇಕು ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಅರ್ಧ ಶತಮಾನದ ಹಳೆಯ ಕಲೆಯನ್ನೂ ದೇಹ ಸದ್ದಿಲ್ಲದೆ ಬಿಚ್ಚಿ ನೇಯುತ್ತಲೇ ಇರುತ್ತದೆ. ನೇಯುವುದು ಮಾತ್ರ ಅದೇ ಹಳೆಯ ನಮೂನೆಯಲ್ಲಿ.

ಕಂಟೋನ್ಮೆಂಟಿನ ಹಳಬರಿಗೆ ರಫೂ ಎಂದರೆ ಹೇಳಿಕೊಡಬೇಕಾಗಿಲ್ಲ. ಒಳ್ಳೆಯ ಕೋಟಿಗೆ ತೂತು ಬಿದ್ದರೆ ತೇಪೆ ಹಾಕಿಸುತ್ತಿರಲಿಲ್ಲ. ರಫೂ ಮಾಡುವವನ ಬಳಿ ಒಯ್ಯುತ್ತಿದ್ದರು. ಅವನು ಅದೇ ಬಟ್ಟೆಯ ಒಳಮಡಿಕೆಯಿಂದ ನೂಲು ಕಿತ್ತು, ಹಾಸು ಹೊಕ್ಕು ಎರಡನ್ನೂ ಅನುಸರಿಸಿ ಎಳೆ ಎಳೆಯಾಗಿ ನೇಯ್ದು ತೂತನ್ನೇ ಮಾಯ ಮಾಡುತ್ತಿದ್ದ. ನಮ್ಮ ಚರ್ಮಕ್ಕೆ ರಫೂ ಬರುವುದಿಲ್ಲವೆ?

ಬರುತ್ತಿತ್ತು. ನಾವು ಹುಟ್ಟುವ ಮುಂಚೆ. ಗರ್ಭದಲ್ಲಿ ಸುಮಾರು ೨೪ ವಾರಗಳವರೆಗೆ ಮಗುವಿನ ಚರ್ಮಕ್ಕೆ ಗಾಯವಾದರೆ ಅದು ಕಲೆಯಿಲ್ಲದೆ ಕೂಡಿಕೊಳ್ಳುತ್ತದೆ. ಗರ್ಭಸ್ಥ ಶಿಶುವಿನ ಶಸ್ತ್ರಚಿಕಿತ್ಸೆಗೆ ಕೈಹಾಕಿದ ವೈದ್ಯರ ಕಣ್ಣಿಗೂ ಇದು ಬಿದ್ದು ಕುತೂಹಲ ಹೆಚ್ಚಿತು. ಬೆಚ್ಚನೆಯ ಗರ್ಭಜಲದ ಮಹಿಮೆಯಿರಬಹುದೆ? ಅಮೆರಿಕದಲ್ಲಿ ಮೈಕೇಲ್ ಲಾಂಗೇಕರ್ ಮತ್ತು ಸಂಗಡಿಗರು ಒಂದು ಜಾಣ ಪರೀಕ್ಷೆ ಮಾಡಿದರು. ದೊಡ್ಡ ಕುರಿಯ ಚರ್ಮದ ತುಂಡನ್ನು ಗರ್ಭದೊಳಗಿನ ಕುರಿಮರಿಯ ಮೈಗೆ ಕಸಿ ಮಾಡಿ, ಆಮೇಲೆ ಅಲ್ಲಿ ಗೀರಿದರು. ೧೯೯೪ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ಅದೇ ಗರ್ಭಜಲದಲ್ಲಿ ಮುಳುಗಿದ್ದರೂ ದೊಡ್ಡ ಕುರಿಯ ಚರ್ಮ ಕಲೆ ಬೀಳಿಸಿಕೊಂಡೇ ವಾಸಿಯಾಯಿತು. ಎಂದರೆ ಗುಟ್ಟು ನೀರಿನಲ್ಲಿಲ್ಲ, ನೇಕಾರನಲ್ಲಿದೆ.

ಹುಟ್ಟಿದ ಮೇಲೂ ರಫೂ ಪೂರ್ತಿ ಮರೆತುಹೋಗುವುದಿಲ್ಲ. ಊಟದ ಆತುರದಲ್ಲಿ ಕೆನ್ನೆಯ ಒಳಭಾಗ ಕಚ್ಚಿಕೊಳ್ಳುತ್ತೀರಿ. ವಾರದೊಳಗೆ ಮಾಯುತ್ತದೆ, ಮತ್ತೆ ಹುಡುಕಿದರೆ ಗುರುತು ಸಿಗುವುದು ಕಷ್ಟ. ಇನ್ನೊಂದು ಉದಾಹರಣೆ ತಂದೆತಾಯಿಗಳಿಗೆ ಅಚ್ಚರಿ ತಂದೀತು. ಇಂಗ್ಲೆಂಡಿನ ಶೆಫೀಲ್ಡಿನ ಮಕ್ಕಳ ಆಸ್ಪತ್ರೆಯ ವೈದ್ಯೆ ಸಿಂಥಿಯಾ ಇಲಿಂಗ್‌ವರ್ತ್, ಬಾಗಿಲ ಸಂದಿಗೆ ಸಿಕ್ಕಿ ಬೆರಳ ತುದಿ ಕಳೆದುಕೊಂಡ ಪುಟ್ಟ ಮಕ್ಕಳ ಬಗ್ಗೆ ೧೯೭೪ರಲ್ಲಿ ಬರೆದರು. ಗಾಯವನ್ನು ಹೊಲಿಯದೆ, ಶುಚಿಯಾಗಿ ಮುಚ್ಚಿ ಬಿಟ್ಟಾಗ ತುದಿ ಮತ್ತೆ ಬೆಳೆದಿತ್ತು, ಉಗುರು ಸಮೇತ! ಒಂದೇ ಷರತ್ತು: ಉಗುರಿನ ಬುಡ ಉಳಿದಿರಬೇಕು. ಅದಕ್ಕಿಂತ ಹಿಂದಕ್ಕೆ ತುಂಡಾದರೆ ಬೆಳೆಯದು. (ಹಾಗೆಂದು ಬಾಗಿಲಿಗೆ ಬೆರಳು ಕೊಟ್ಟು ಪರೀಕ್ಷಿಸುವ ಕೆಲಸ ಬೇಡ. ತುಂಡಾದ ಬೆರಳಿನ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.)

ಪ್ರಾಣಿಗಳಲ್ಲಿ ಹಲ್ಲಿಯ ಬಾಲ ಎಲ್ಲರಿಗೂ ಗೊತ್ತು. ಅದೂ ಪಕ್ಕಾ ರಫೂ ಅಲ್ಲ. ಹೊಸ ಬಾಲದೊಳಗೆ ಬೆನ್ನುಮೂಳೆಯ ಮಣಿಗಳ ಬದಲು ಮೃದ್ವಸ್ಥಿಯ ಒಂದು ಕೊಳವೆ ಇರುತ್ತದೆ. ನಿಜವಾದ ಕುಶಲಕರ್ಮಿ ಆಫ್ರಿಕದ ಒಂದು ಮುಳ್ಳುಗೂದಲಿನ ಇಲಿ. ಕಮ್ಮನಹಳ್ಳಿಯಲ್ಲಿ ಓದಲು ಬಂದ ಆಫ್ರಿಕದ ವಿದ್ಯಾರ್ಥಿಗಳು ಬಹಳ ಮಂದಿ ಇದ್ದಾರಲ್ಲ, ಅವರಲ್ಲಿ ಕೀನ್ಯಾದವರಿದ್ದರೆ ಕೇಳಿನೋಡಿ, ಕಂಡಿದ್ದರೂ ಕಂಡಿದ್ದಾರು. ಈ ಇಲಿಯನ್ನು ಹಿಡಿದರೆ ಚರ್ಮವೇ ಕಿತ್ತು ಕೈಗೆ ಬರುತ್ತದೆ; ಇಲಿ ಪರಾರಿ. ಬೆನ್ನಿನ ಚರ್ಮದ ಶೇಕಡ ೬೦ರಷ್ಟನ್ನು ಕಳೆದುಕೊಂಡರೂ ಅದು ಬದುಕುತ್ತದೆ. ೨೦೧೨ರಲ್ಲಿ ಆಶ್ಲಿ ಸೀಫರ್ಟ್ ಎಂಬ ಜೀವವಿಜ್ಞಾನಿಯ ತಂಡ ತೋರಿಸಿಕೊಟ್ಟಂತೆ ಅಲ್ಲಿ ಬರುವುದು ತೇಪೆಯಲ್ಲ, ರೋಮದ ಬುಡಗಳಿರುವ ಹೊಸ ಚರ್ಮ. ಅದರ ಕಿವಿಯಲ್ಲಿ ೪ ಮಿಲಿಮೀಟರ್ ತೂತು ಕೊರೆದರೂ ಮೃದ್ವಸ್ಥಿ ಸಮೇತ ಮುಚ್ಚಿಕೊಳ್ಳುತ್ತದೆ. ಮೀನು ಕಪ್ಪೆಗಳ ಮಾತು ಬೇರೆ. ಇದು ನಮ್ಮಂತೆಯೇ ಸಸ್ತನಿ ಎಂಬುದು ಗಮನಿಸಬೇಕಾದ ಸಂಗತಿ.

ಹಾಗಾದರೆ ನಮ್ಮ ನೇಕಾರರನ್ನು ತಡೆಯುತ್ತಿರುವುದು ಏನು? ಬಹುಮಟ್ಟಿಗೆ ಎಳೆತ ಎನ್ನುತ್ತಾರೆ ಈಗಿನ ಸಂಶೋಧಕರು. ಎದೆ, ಭುಜ, ಮಂಡಿಯಂಥ ಸದಾ ಜಗ್ಗುವ ಜಾಗಗಳಲ್ಲಿ ಕಲೆ ಅಗಲವಾಗಿ ಬೀಳುವುದು ಶಸ್ತ್ರವೈದ್ಯರಿಗೆ ಹಳೆಯ ಅನುಭವ. ವಿಯೆನ್ನಾದ ಲ್ಯಾಂಗರ್ ೧೮೬೧ರಲ್ಲೇ ಚರ್ಮದ ಸಹಜ ಎಳೆತದ ಗೆರೆಗಳ ನಕ್ಷೆ ಬರೆದಿಟ್ಟಿದ್ದಾನೆ. ಅಂಥ ಗೆರೆಗುಂಟ ಕತ್ತರಿಸಿದರೆ ಕಲೆ ಸಣ್ಣದು. ಲಾಂಗೇಕರ್ ತಂಡ ಇದೇ ಎಳೆಯನ್ನು ಹಿಡಿದು ಹೋಯಿತು. ಇಲಿಯ ಬೆನ್ನಿನಲ್ಲಿ ಎನ್‌ಗ್ರೇಲ್ಡ್ ಎಂಬ ಜೀನನ್ನು ಚಾಲೂ ಮಾಡಿಕೊಂಡ ನೇಕಾರ ಕೋಶಗಳೇ ಕಲೆಯ ಬಹುಭಾಗವನ್ನು ನೇಯುತ್ತವೆ ಎಂದು ೨೦೧೫ರಲ್ಲಿ ತಿಳಿಯಿತು. ಗಾಯದ ಎಳೆತವೇ ಆ ಜೀನಿನ ಗುಂಡಿ ಒತ್ತುತ್ತದೆ ಎಂದು ೨೦೨೧ರಲ್ಲಿ ತಿಳಿಯಿತು. ಎಳೆತದ ಸುದ್ದಿ ಕೋಶದೊಳಕ್ಕೆ ಮುಟ್ಟದಂತೆ ವರ್ಟೆಪೋರ್ಫಿನ್ ಎಂಬ, ಕಣ್ಣಿನ ಕಾಯಿಲೆಗೆ ಬಳಸುವ ಔಷಧಿಯನ್ನು ಚುಚ್ಚಿದಾಗ ಇಲಿಯ ಗಾಯದಲ್ಲಿ ಒಂದು ತಿಂಗಳಿಗೆ ರೋಮ ಬಂತು, ಗ್ರಂಥಿ ಬಂತು, ಬಲವೂ ಬಂತು. ಎಂದರೆ ರಫೂ ವಿದ್ಯೆ ಅಳಿದಿಲ್ಲ, ಬೀಗ ಹಾಕಿ ಇಟ್ಟಿದೆ.

ಇಲ್ಲಿ ಸ್ವಲ್ಪ ತಾಳಬೇಕು. ಇಲಿಯಲ್ಲಿ ಗೆದ್ದದ್ದೆಲ್ಲ ಮನುಷ್ಯನಲ್ಲಿ ಗೆಲ್ಲುವುದಿಲ್ಲ. ಮ್ಯಾಂಚೆಸ್ಟರಿನ ಮಾರ್ಕ್ ಫರ್ಗ್ಯುಸನ್ ಅಲಿಗೇಟರ್ ಮೊಸಳೆಯ ಭ್ರೂಣಗಳು ಕಲೆಯಿಲ್ಲದೆ ವಾಸಿಯಾಗುವುದನ್ನು ಕಂಡು, ವರ್ಷಗಟ್ಟಲೆ ದುಡಿದು, ಕಲೆ ತಡೆಯುವ ಒಂದು ಪ್ರೋಟೀನ್ ಔಷಧಿಯನ್ನು ಸಿದ್ಧಪಡಿಸಿದರು. ಅದಕ್ಕೆಂದೇ ಕಂಪನಿ ಹುಟ್ಟಿತು. ಮೊದಮೊದಲ ಪರೀಕ್ಷೆಗಳೂ ಆಸೆ ಹುಟ್ಟಿಸಿದವು. ೨೦೧೧ರಲ್ಲಿ ಕೊನೆಯ ಹಂತದ ದೊಡ್ಡ ಪರೀಕ್ಷೆಯಲ್ಲಿ ಔಷಧಿ ಸೋತಿತು. 'ಕಲೆ ಮಂಗಮಾಯ' ಎಂದು ಜಾಹೀರಾತು ಕೊಡುವ ಮುಲಾಮಿಗೆ ಸಾವಿರಗಟ್ಟಲೆ ತೆರುವ ಮುನ್ನ ಈ ಕತೆ ನೆನಪಾಗಲಿ. ಕಾಂಡಕೋಶದ ಹೆಸರು ಹೇಳಿ ಹಣ ಕೇಳುವವರ ಬಗ್ಗೆ ಇನ್ನೂ ಎಚ್ಚರ ಬೇಕು. ಕೆಲವು ರಕ್ತದ ಕಾಯಿಲೆಗಳಿಗೆ ಮಾಡುವಂಥ ಕಸಿ ಬಿಟ್ಟರೆ ಉಳಿದ ಕಾಂಡಕೋಶ ಚಿಕಿತ್ಸೆಗಳೆಲ್ಲ ಇನ್ನೂ ಪ್ರಯೋಗದ ಹಂತದವು, ಅವನ್ನು ಮಾರುವಂತಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ೨೦೧೭ರ ಮಾರ್ಗಸೂಚಿ ಸಾರಿದೆ.

ಬೀಗದ ಕೈ ಹುಡುಕುವ ಕೆಲಸ ನಮ್ಮ ಊರಿನಲ್ಲೂ ನಡೆದಿದೆ. ಕಮ್ಮನಹಳ್ಳಿಯಿಂದ ವರ್ತುಲ ರಸ್ತೆ ಹಿಡಿದು ಹೆಬ್ಬಾಳಕ್ಕೆ ಹೋಗಿ ಬಳ್ಳಾರಿ ರಸ್ತೆಗೆ ತಿರುಗಿದರೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಸಿಗುತ್ತದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ೨೦೦೯ರಲ್ಲಿ ಸ್ಥಾಪಿಸಿದ 'ಇನ್‌ಸ್ಟೆಮ್' ಎಂಬ ಕಾಂಡಕೋಶ ಸಂಶೋಧನಾಲಯ ಇರುವುದು ಅಲ್ಲಿ. ಕಾಲಿನ್ ಜಮೋರಾ ಕ್ಯಾಲಿಫೋರ್ನಿಯಾದಲ್ಲಿದ್ದಾಗ ಅವರ ತಂಡ ೨೦೦೯ರಲ್ಲಿ ಒಂದು ವಿಚಿತ್ರವನ್ನು ಪ್ರಕಟಿಸಿತ್ತು. ಗಾಯವಾದೊಡನೆ ಹೊರಚರ್ಮದ ಮೇಲ್ಗಡೆಯ ಕೋಶಗಳಲ್ಲಿ ಕ್ಯಾಸ್ಪೇಸ್-೮ ಎಂಬ ಪ್ರೋಟೀನು ಇಳಿದುಹೋಗುತ್ತದೆ. ಅದು ಇಳಿಯುವುದೇ ಅಪಾಯದ ಗಂಟೆ; ಆ ಸದ್ದಿಗೆ ಆಳದ ಕಾಂಡಕೋಶಗಳು ಎಚ್ಚೆತ್ತು ದುಡಿಮೆಗೆ ಇಳಿಯುತ್ತವೆ. ಇಲಿಯ ಹೊರಚರ್ಮದಲ್ಲಿ ಆ ಪ್ರೋಟೀನೇ ಇಲ್ಲದಂತೆ ಮಾಡಿದಾಗ, ಯಾವ ಗಾಯವೂ ಇಲ್ಲದ ಚರ್ಮ ಗಾಯವಾದಂತೆಯೇ ವರ್ತಿಸಿತು! ಆಮೇಲೆ ಜಮೋರಾ ಬೆಂಗಳೂರಿಗೆ ಬಂದು ಇನ್‌ಸ್ಟೆಮ್‌ನಲ್ಲಿ ಗಾಯ ಮಾಯುವ ಬಗೆ ಮತ್ತು ಅಂಗಗಳು ನಾರುಗಟ್ಟುವ ಬಗೆ ಎರಡರ ಮೇಲೂ ಪ್ರಯೋಗಾಲಯ ಕಟ್ಟಿದರು. ಅದೇ ಸಂಸ್ಥೆಯಲ್ಲಿ ದಶರಥಿ ಪಾಲಕೊಡೇಟಿಯವರ ತಂಡ ಪ್ಲನೇರಿಯಾ ಎಂಬ ಚಪ್ಪಟೆ ಹುಳುವಿನ ಬೆನ್ನು ಹತ್ತಿತು. ತುಂಡು ಮಾಡಿದರೆ ತುಂಡಿಗೊಂದರಂತೆ ಪೂರ್ಣ ಹುಳುವಾಗುವ ಜೀವಿ ಅದು.

ನಾರುಗಟ್ಟುವುದು ಎಂದೆನಲ್ಲ, ಅದು ಒಳಗಿನ ಕಲೆ. ಹೃದಯಾಘಾತವಾದ ಮೇಲೆ ಸತ್ತ ಸ್ನಾಯುವಿನ ಜಾಗದಲ್ಲಿ, ಕುಡಿತಕ್ಕೆ ಬೆಂದ ಪಿತ್ತಜನಕಾಂಗದಲ್ಲಿ, ಕೆಲವು ಶ್ವಾಸಕೋಶದ ಕಾಯಿಲೆಗಳಲ್ಲಿ ಇದೇ ನೇಕಾರರು ಇದೇ ತೇಪೆ ಹಾಕುತ್ತಾರೆ. ಮಂಡಿಯ ತೇಪೆ ಚೆಲುವಿಗೆ ಕುಂದು. ಹೃದಯದ ತೇಪೆ ಮಿಡಿಯದು.

ವಿದ್ಯೆ ಗೊತ್ತಿದ್ದೂ ದೇಹ ಅದಕ್ಕೆ ಬೀಗ ಹಾಕಿದ್ದೇಕೆ? ರಫೂ ನಿಧಾನದ ಕೆಲಸ, ಅಷ್ಟು ದಿನ ಗಾಯ ತೆರೆದಿರಬೇಕಾಗುತ್ತದೆ. ಗರ್ಭದಲ್ಲಿ ಕೊಳೆಯಿಲ್ಲ, ಓಡುವ ಪ್ರಮೇಯವಿಲ್ಲ. ಹೊರಗೆ ಬಂದವನಿಗೆ ಗಾಯ ಕೀವುಗಟ್ಟುವ ಮೊದಲೇ ಬಾಯಿ ಮುಚ್ಚುವುದು ಜೀವದ ಪ್ರಶ್ನೆ. ಆಂಟಿಬಯಾಟಿಕ್ ಇಲ್ಲದ ಲಕ್ಷಾಂತರ ವರ್ಷಗಳಲ್ಲಿ ಆತುರಗಾರರು ಬದುಕಿ ಉಳಿದಿರಬೇಕು. ಇದು ಊಹೆಯೇ ಸರಿ, ಆದರೆ ಬಹಳ ಮಂದಿ ಜೀವವಿಜ್ಞಾನಿಗಳು ಒಪ್ಪುವ ಊಹೆ.

ಮನೆಯಲ್ಲಿ ಮಾಡಬಹುದಾದದ್ದು ಕಡಿಮೆಯೇನಲ್ಲ. ಬಿದ್ದು ಬಂದ ಮಗುವಿನ ಗಾಯವನ್ನು ಹರಿಯುವ ಶುದ್ಧ ನೀರಿನಲ್ಲಿ ತೊಳೆಯಬೇಕು. ಜಲ್ಲಿಯ ಪುಡಿ ಒಳಗೇ ಉಳಿದರೆ ಹಚ್ಚೆಯಂತೆ ಖಾಯಂ ನಿಲ್ಲುತ್ತದೆ. ರಕ್ತ ನಿಲ್ಲಲೆಂದು ಅಡುಗೆಮನೆಯಿಂದ ಓಡಿಬರುವ ಕಾಫಿ ಪುಡಿಯ ಕತೆಯೂ ಅಷ್ಟೇ. 'ಗಾಳಿಯಾಡಲಿ, ಹೆಕ್ಕಳ ಕಟ್ಟಲಿ' ಎಂದು ಗಾಯವನ್ನು ತೆರೆದಿಡುವುದು ನಮ್ಮ ಹಿರಿಯರ ಪದ್ಧತಿ. ಜಾರ್ಜ್ ವಿಂಟರ್ ೧೯೬೨ರಲ್ಲಿ ಹಂದಿಗಳ ಮೇಲೆ ಪರೀಕ್ಷಿಸಿ ತೋರಿಸಿದ್ದು ಇದಕ್ಕೆ ತದ್ವಿರುದ್ಧ. ಪಾಲಿಥೀನ್ ಹಾಳೆ ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಹೊರಚರ್ಮ ಹೆಚ್ಚುಕಡಿಮೆ ಎರಡರಷ್ಟು ಬೇಗ ಹರಡಿತು. ಒಣಗಿದ ಹೆಕ್ಕಳವಿದ್ದರೆ ಹೊಸ ಕೋಶಗಳು ಅದರ ಅಡಿಯಲ್ಲಿ ತೇವ ಹುಡುಕಿಕೊಂಡು ಸುತ್ತಿ ಬರಬೇಕಾಗುತ್ತದೆ. ಸಣ್ಣ ಗಾಯವನ್ನು ತೊಳೆದು, ತುಸು ವ್ಯಾಸಲೀನ್ ಸವರಿ, ಶುಚಿಯಾದ ಪಟ್ಟಿ ಕಟ್ಟಿ, ದಿನವೂ ಬದಲಿಸಿದರೆ ಆಯಿತು. ಹೆಕ್ಕಳ ಕೀಳುವ ಬೆರಳುಗಳಿಗೆ ಬುದ್ಧಿ ಹೇಳುವುದು ತಾಯಂದಿರ ಪಾಲಿಗೆ. ಆಳದ ಗಾಯ, ನಾಯಿ ಕಡಿತ, ತುಕ್ಕಿನ ಮೊಳೆ ಇವೆಲ್ಲ ವೈದ್ಯರ ಪಾಲಿಗೆ.

ಅರಿಸಿನದ ಮಾತೆತ್ತದೆ ಬಿಟ್ಟರೆ ಅಜ್ಜಿಯರು ಮುನಿದಾರು. ಅರಿಸಿನ ಗಾಯ ಮಾಯಿಸುತ್ತದೆ ಎಂಬುದಕ್ಕೆ ೧೯೯೫ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ ಪೇಟೆಂಟ್ ಪಡೆದದ್ದು, ನಮ್ಮ ಸಿಎಸ್‌ಐಆರ್ ಹಳೆಯ ಗ್ರಂಥಗಳ ಸಾಕ್ಷ್ಯ ಒಡ್ಡಿ ಹೋರಾಡಿ ೧೯೯೭ರಲ್ಲಿ ಅದನ್ನು ರದ್ದು ಮಾಡಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಆ ತೀರ್ಪು ಹೇಳಿದ್ದು ಆ ತಿಳಿವು ಹೊಸದಲ್ಲ ಎಂದಷ್ಟೇ. ಅರಿಸಿನ ಹಚ್ಚಿದರೆ ಕಲೆ ಬೀಳದೆಂದು ಯಾರೂ ಸಾಧಿಸಲಿಲ್ಲ. ಡಬ್ಬದ ಅರಿಸಿನ ಕ್ರಿಮಿರಹಿತವೂ ಅಲ್ಲ.

ಕೆಲವರಲ್ಲಿ ತೇಪೆ ಹಾಕುವ ಕೈ ನಿಲ್ಲುವುದೇ ಇಲ್ಲ. ಕಿವಿ ಚುಚ್ಚಿದ ಜಾಗ, ಎದೆಯ ಮೇಲಿನ ಒಂದು ಮೊಡವೆ, ತೋಳಿನ ಚುಚ್ಚುಮದ್ದಿನ ಗುರುತು ಉಬ್ಬಿ, ಗಾಯದ ಗಡಿ ದಾಟಿ ಗಂಟಿನಂತೆ ಬೆಳೆಯುತ್ತದೆ. ಇದು ಕೀಲಾಯ್ಡ್. ಬಿಳಿಯರಿಗಿಂತ ಆಫ್ರಿಕದವರಲ್ಲಿ, ಏಷ್ಯದವರಲ್ಲಿ ಹೆಚ್ಚು. ಬರೀ ಕತ್ತರಿಸಿ ತೆಗೆಸಿದರೆ ಮತ್ತೆ ಬರುವ ಸಂಭವವೇ ಬಹಳ. ಮನೆತನದಲ್ಲಿ ಈ ಗುಣವಿದ್ದರೆ ಕಿವಿಯ ಮೇಲ್ತುದಿಗೆ ಎರಡನೇ ರಿಂಗು ಕೇಳುವ ಮಗಳ ಜತೆ ಕೂತು ಮಾತಾಡುವುದು ಒಳ್ಳೆಯದು.

ತೇಪೆಯ ನಿಜವಾದ ಕಷ್ಟ ಗೊತ್ತಾಗುವುದು ಸುಟ್ಟ ಗಾಯದಲ್ಲಿ. ಬಿಸಿನೀರಿನ ಪಾತ್ರೆ, ಸೀಮೆಎಣ್ಣೆ ಒಲೆ, ಪಟಾಕಿ, ಆಸಿಡ್. ಬೆಂದ ತಕ್ಷಣ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಬಿಡಬೇಕು. ಐಸ್ ಬೇಡ, ಇಂಕು ಬೇಡ, ಟೂತ್‌ಪೇಸ್ಟ್ ಬೇಡ. ಒಳಚರ್ಮ ಪೂರಾ ಬೆಂದಿದ್ದರೆ ಜಗ್ಗುವ ಕೋಶಗಳು ಕತ್ತನ್ನು ಎದೆಗೆ, ಬೆರಳನ್ನು ಅಂಗೈಗೆ ಎಳೆದು ಕಟ್ಟಿಹಾಕಬಲ್ಲವು. ಮಗು ಬೆಳೆದಷ್ಟು ವೇಗದಲ್ಲಿ ಕಲೆ ಬೆಳೆಯುವುದಿಲ್ಲ. ಆರು ವರ್ಷದಲ್ಲಿ ಸುಟ್ಟ ಕೈಗೆ ಹತ್ತರಲ್ಲಿ, ಹದಿನಾಲ್ಕರಲ್ಲಿ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವುದು ಇದರಿಂದಲೇ.

ಅಂಥ ಗಾಯಕ್ಕೆ ಬಟ್ಟೆ ಎಲ್ಲಿಂದ ತರುವುದು? ಒಂದು ಜಾಗದ ಚರ್ಮ ಇನ್ನೊಂದಕ್ಕೆ, ಇದೇ ನಮ್ಮ ದೇಶದ ಹಳೆಯ ಉಪಾಯ. ಟಿಪ್ಪುವಿನ ವಿರುದ್ಧದ ಮೂರನೇ ಯುದ್ಧದಲ್ಲಿ ಇಂಗ್ಲಿಷರ ಸೇನೆಯ ಎತ್ತಿನ ಬಂಡಿಯವ ಕವಾಸ್‌ಜೀ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನ ಹಣೆಯ ಚರ್ಮವನ್ನು ಎಲೆಯಾಕಾರಕ್ಕೆ ಬಿಡಿಸಿ, ಕೆಳಕ್ಕೆ ತಿರುಚಿ, ಮೂಗು ಮಾಡಿಕೊಟ್ಟ. ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ೧೭೯೪ರಲ್ಲಿ ಚಿತ್ರಸಮೇತ ಅಚ್ಚುಹಾಕಿದ ಈ ವರದಿಯಿಂದಲೇ ಯುರೋಪಿನ ವೈದ್ಯರು ಆ ವಿದ್ಯೆ ಕಲಿತರು. ಚಿತ್ರದಲ್ಲಿ ಹಣೆಯ ನಡುವೆ ಕಲೆಯೂ ಕಾಣುತ್ತದೆ. ಮೂಗಿಗೆ ತೆತ್ತ ಬೆಲೆ ಅದು.

ಮೈಯ ಅರ್ಧ ಭಾಗ ಬೆಂದವರಲ್ಲಿ ಹೀಗೆ ತೆಗೆಯಲು ಚರ್ಮವೇ ಸಾಲದು. ಆಗ ಬೇರೆಯವರದು ಬೇಕು. ನಗರದ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ೨೦೧೬ರಲ್ಲಿ ಚರ್ಮದ ಬ್ಯಾಂಕು ತೆರೆಯಿತು. ಸತ್ತ ಆರು ಗಂಟೆಗಳೊಳಗೆ ತೊಡೆ, ಕಾಲು, ಬೆನ್ನಿನಿಂದ ಕಾಗದದಷ್ಟು ತೆಳುವಾದ ಪದರ ತೆಗೆಯುತ್ತಾರೆ. ದೇಹ ವಿಕಾರವಾಗುವುದಿಲ್ಲ, ರಕ್ತ ಸೋರುವುದಿಲ್ಲ. ರಕ್ತದ ಗುಂಪು ಹೊಂದಬೇಕೆಂದಿಲ್ಲ. ಗ್ಲಿಸರಾಲಿನಲ್ಲಿ ಅದ್ದಿ ತಣ್ಣಗಿಟ್ಟರೆ ಐದು ವರ್ಷದವರೆಗೆ ಬಳಸಬಹುದು. ಬೆಂದ ಮೈ ಆ ಚರ್ಮವನ್ನು ಕೆಲವು ವಾರ ಹೊದ್ದು ಆಮೇಲೆ ಕಳಚಿಹಾಕುತ್ತದೆ. ಸೋಂಕು ಮತ್ತು ನೀರಿನ ನಷ್ಟವನ್ನು ತಡೆದು, ರೋಗಿಯ ಸ್ವಂತ ಚರ್ಮ ತಯಾರಾಗುವವರೆಗೆ ಜೀವ ಹಿಡಿದಿಡಲು ಅಷ್ಟು ವಾರಗಳು ಸಾಕಾಗುತ್ತವೆ.